ಕವಾಟದ ಕಾಯಕ

ಶಿವಾನುಭವದ ನಾಲ್ಕು ಮಾತುಗಳನ್ನೋ ಶರಣರ ಚರಿತೆಯನ್ನೋ ನಿರೀಕ್ಷಿಸಿ ಈ ಪುಟವನ್ನು ತೆರೆಯುವ ನಿಮ್ಮ ಮುಂದೆ ಈ ತಿಂಗಳು ಅದಿರು ಕುಟ್ಟುವ ಉಗಿಯಂತ್ರಗಳ ಕವಾಟದ ವಿಚಾರವನ್ನು ಇಡುತ್ತಿದ್ದೇವೆ. ಮಠದ ಸ್ವಾಮಿಗಳಿಗೆ ಇದೆಲ್ಲಿಯ ಉಸಾಬರಿ ಎಂದು ಕೆಲವರಿಗಾದರೂ ಅನ್ನಿಸೀತು. ಅನ್ನಿಸುವುದು ಸಹಜವೇ. ಆದರೆ ಈ ಕವಾಟಕ್ಕೂ ನಮ್ಮ ಪ್ರಸಾದ ನಿಲಯದ ಅಂಗಳಕ್ಕೂ ಒಂದು ನಂಟುಂಟು. ಆ ಅಂಗಳದಲ್ಲಿ ನಾವು ಮಾಡಿದ ಒಂದು ತಪ್ಪಿಗೂ ನಂಟುಂಟು. ಪತ್ರಿಕೆಯು ಹಳೆಯ ವಿದ್ಯಾರ್ಥಿಗಳ ಮನೆಮನೆಗೂ ಹೋಗುವುದರಿಂದ, ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ಇದಕ್ಕಿಂತ ತಕ್ಕ ಸ್ಥಳ ನಮಗೆ ತೋರಲಿಲ್ಲ. ಮೊದಲು ಯಂತ್ರದ ಮಾತನ್ನು ಕೇಳಿ. ಅದು ತಿಳಿಯದೆ ಮುಂದಿನ ಮಾತು ತಿಳಿಯದು.

೨೦೧೭ರಲ್ಲಿ ಭಕ್ತರೊಬ್ಬರ ಮನೆಯ ಶಿವಪೂಜೆಯ ನಿಮಿತ್ತ ಕೋಲಾರ ಚಿನ್ನದ ಗಣಿಯ ಪ್ರದೇಶಕ್ಕೆ ಹೋಗುವ ಪ್ರಸಂಗ ಒದಗಿತು. ಗುಡ್ಡಗಳಂತೆ ಎದ್ದು ನಿಂತಿದ್ದ ಮಣ್ಣಿನ ರಾಶಿಗಳನ್ನು ಕಂಡು, ಇವು ಯಾವ ಬೆಟ್ಟಗಳೆಂದು ಕೇಳಿದೆವು. ಬೆಟ್ಟಗಳಲ್ಲ, ಚಿನ್ನವನ್ನು ತೆಗೆದ ಮೇಲೆ ಉಳಿದ ಕಲ್ಲಿನ ಹಿಟ್ಟು ಎಂದರು. ನೂರಕ್ಕೂ ಮಿಕ್ಕಿದ ವರ್ಷಗಳ ಕಾಲ ಭೂಮಿಯ ಒಡಲಿನಿಂದ ಎತ್ತಿ ತಂದು, ಕುಟ್ಟಿ ಪುಡಿಮಾಡಿ, ಸುರಿದದ್ದು. ೨೦೦೧ರ ಫೆಬ್ರವರಿ ೨೮ರಂದು ಆ ಗಣಿಗಳು ಮುಚ್ಚಿಹೋದವು. ರಾಶಿಗಳು ಮಾತ್ರ ಉಳಿದವು.

ಪೂಜೆ ಮುಗಿದ ಬಳಿಕ ನಮ್ಮೆದುರು ಕುಳಿತಿದ್ದವರಲ್ಲಿ ಗಣಿಯಲ್ಲಿ ಫಿಟ್ಟರಾಗಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದರು. ಅವರ ತಾತ ಉಗಿಯ ಕಾಲದಲ್ಲಿಯೇ ಅಲ್ಲಿ ಕೆಲಸಕ್ಕೆ ಸೇರಿದವರಂತೆ. "ಬುದ್ಧಿ, ಚಿನ್ನ ಅಂದ್ರೆ ಜನ ಹೊಳೆಯೋ ಗಟ್ಟಿ ಅಂದ್ಕೋತಾರೆ. ನಮಗೆ ಚಿನ್ನ ಅಂದ್ರೆ ಕಲ್ಲು ಕುಟ್ಟೋದು" ಎಂದು ಅವರು ಮಾತಿಗಾರಂಭಿಸಿದರು. ಅಂದು ಅವರು ಹೇಳಿದ್ದನ್ನೂ, ಆಮೇಲೆ ನಾವು ಗ್ರಂಥಗಳಿಂದ ತಿಳಿದುಕೊಂಡದ್ದನ್ನೂ ಕೂಡಿಸಿ ಇಲ್ಲಿ ಹೇಳುತ್ತೇವೆ.

ಬೆಣಚುಕಲ್ಲಿನಲ್ಲಿ ಚಿನ್ನವು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹುದುಗಿರುತ್ತದೆ. ಅದನ್ನು ಬಿಡಿಸಬೇಕಾದರೆ ಕಲ್ಲನ್ನು ಹಿಟ್ಟಾಗಿಸಬೇಕು. ಇದಕ್ಕೆ ಮನುಷ್ಯನು ಕಂಡುಕೊಂಡ ಸಾಧನವು ನಮ್ಮ ಮನೆಗಳ ಒನಕೆ ಒರಳುಗಳೇ. ರಾಯಚೂರು ಜಿಲ್ಲೆಯ ಹಟ್ಟಿಯ ಸುತ್ತಮುತ್ತ ಪ್ರಾಚೀನರು ಬಂಡೆಯಲ್ಲಿ ಅದಿರನ್ನು ಕುಟ್ಟಿ ಅರೆದ ಕುಳಿಗಳ ಕುರುಹುಗಳಿವೆ. ಹತ್ತೊಂಬತ್ತನೆಯ ಶತಮಾನದ ಯಂತ್ರಶಿಲ್ಪಿಗಳು ಆ ಒನಕೆಯನ್ನೇ ಕಬ್ಬಿಣದಲ್ಲಿ ಎರಕ ಹೊಯ್ದರು. ಸಾಲಾಗಿ ನಿಂತ ಐದು ಒನಕೆಗಳಿಗೆ ಒಂದೇ ಒರಳು. ಒಂದೊಂದು ಒನಕೆಯ ತೂಕ ಏಳೆಂಟು ನೂರು ಪೌಂಡಿನಿಂದ ಸಾವಿರ ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ ಮೂರೂವರೆಯಿಂದ ನಾಲ್ಕೂವರೆ ಕ್ವಿಂಟಲು. ಮೇಲೆ ಅಡ್ಡಲಾಗಿ ತಿರುಗುವ ದಪ್ಪನೆಯ ದಂಡಕ್ಕೆ ಬಾಗಿದ ಹಲ್ಲುಗಳಿರುತ್ತವೆ. ಇವನ್ನು ಕ್ಯಾಮು ಎನ್ನುತ್ತಾರೆ. ದಂಡವು ತಿರುಗಿದಾಗ ಕ್ಯಾಮು ಒನಕೆಯನ್ನು ಆರರಿಂದ ಹತ್ತು ಅಂಗುಲ ಎತ್ತಿ ಬಿಟ್ಟುಬಿಡುತ್ತದೆ. ಒನಕೆ ತನ್ನ ಭಾರದಿಂದ ತಾನೇ ಬಿದ್ದು ಕಲ್ಲನ್ನು ಜಜ್ಜುತ್ತದೆ. ನಿಮಿಷಕ್ಕೆ ತೊಂಬತ್ತರಿಂದ ನೂರು ಪೆಟ್ಟು. ಐದೂ ಒನಕೆಗಳು ಒಟ್ಟಿಗೆ ಬಿದ್ದರೆ ದಂಡವೇ ಮುರಿದೀತು. ಪಕ್ಕದ್ದರ ಮೇಲೆ ಪಕ್ಕದ್ದು ಬಿದ್ದರೆ ಕಲ್ಲೆಲ್ಲ ಒಂದು ಮೂಲೆಗೆ ಸರಿದೀತು. ಆದುದರಿಂದ ಒಂದು, ನಾಲ್ಕು, ಎರಡು, ಐದು, ಮೂರು ಎಂಬಂತಹ ಒಂದು ಕ್ರಮದಲ್ಲಿ ಬೀಳುವಂತೆ ಹಲ್ಲುಗಳನ್ನು ಜೋಡಿಸುತ್ತಿದ್ದರು. ಹಿಟ್ಟಾದ ಕಲ್ಲು ನೀರಿನೊಡನೆ ಜರಡಿಯಿಂದ ಹೊರಬಂದು, ಪಾದರಸ ಬಳಿದ ತಾಮ್ರದ ಹಲಗೆಗಳ ಮೇಲೆ ಹರಿಯುವಾಗ ಚಿನ್ನವು ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಇದು ಆ ಕಾಲದ ವಿಧಾನ.

ಆ ದಂಡವನ್ನು ತಿರುಗಿಸುತ್ತಿದ್ದುದು ಉಗಿಯ ಬಲ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ೧೮೮೦ರ ದಶಕದಲ್ಲಿ ಕೋಲಾರದ ಗಣಿಗಳನ್ನು ನಡೆಸತೊಡಗಿದಾಗ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಕಾರರು ಇಲ್ಲಿಗೆ ಬಂದರು. ತಮ್ಮೊಡನೆ ತಮ್ಮ ನಾಡಿನ ಉಗಿಯಂತ್ರಗಳ ವಿದ್ಯೆಯನ್ನೂ ತಂದರು. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು ೯೨ ಮೈಲಿ ಹರಿದು ಬಂದು ಗಣಿಗಳನ್ನು ಮುಟ್ಟುವವರೆಗೆ ಅಲ್ಲಿಯ ಯಂತ್ರಗಳಿಗೆ ಉಗಿಯೇ ಆಧಾರವಾಗಿತ್ತು. ಬಾಯ್ಲರುಗಳ ಹೊಟ್ಟೆಗೆ ಸೌದೆಯನ್ನೂ ಕಲ್ಲಿದ್ದಲನ್ನೂ ಎಷ್ಟು ಸುರಿದರೂ ಸಾಲದಾಗಿತ್ತು.

ಇನ್ನು ಕವಾಟ. ಊರ ಕೆರೆಯ ತೂಬನ್ನು ನೀವೆಲ್ಲರೂ ಕಂಡಿದ್ದೀರಿ. ಕೆರೆಯಲ್ಲಿ ನೀರೆಷ್ಟೇ ಇರಲಿ, ಗದ್ದೆಯ ಬೆಳೆ ನಿಂತಿರುವುದು ತೂಬಿನ ಮೇಲೆ, ಆ ತೂಬನ್ನು ಹೊತ್ತರಿತು ಎತ್ತಿ ಇಳಿಸುವ ನೀರಗಂಟಿಯ ಮೇಲೆ. ಉಗಿಯಂತ್ರದಲ್ಲಿ ಬಾಯ್ಲರು ಕೆರೆ, ಸಿಲಿಂಡರು ಗದ್ದೆ, ಕವಾಟವೇ ತೂಬು. ಪಿಸ್ಟನ್ನಿನ ಒಂದು ಬದಿಗೆ ಉಗಿಯನ್ನು ಬಿಟ್ಟು, ಅದು ತಳ್ಳಿ ಮುಗಿಸಿದೊಡನೆ ಹಳೆಯ ಉಗಿಯನ್ನು ಹೊರದೂಡಿ, ಮತ್ತೊಂದು ಬದಿಗೆ ಹೊಸ ಉಗಿಯನ್ನು ಬಿಡಬೇಕು. ಕ್ಷಣ ಮುಂಚೆ ತೆರೆದರೆ ಯಂತ್ರವು ತನ್ನನ್ನೇ ತಾನು ತಡೆದುಕೊಳ್ಳುತ್ತದೆ. ಕ್ಷಣ ತಡವಾದರೆ ಬಲ ಸೋರಿಹೋಗುತ್ತದೆ. ಬೆಂಕಿಯನ್ನು ಯಾರು ಬೇಕಾದರೂ ಹೊತ್ತಿಸಿಯಾರು. ಕವಾಟದ ಕಾಲಜ್ಞಾನವೇ ಯಂತ್ರದ ವಿದ್ಯೆ.

ಈ ನೀರಗಂಟಿಯ ಕೆಲಸವನ್ನು ಮೊದಲು ಮಾಡಿದವರು ಯಾರು? ಆ ಹಿರಿಯ ಫಿಟ್ಟರು ಇಲ್ಲಿ ನಕ್ಕು ಒಂದು ಕಥೆ ಹೇಳಿದರು. ಇಂಗ್ಲೆಂಡಿನಲ್ಲಿ ನ್ಯೂಕಮೆನ್ ಎಂಬಾತನು ೧೭೧೨ರಲ್ಲಿ ಕಲ್ಲಿದ್ದಲ ಗಣಿಯ ನೀರೆತ್ತಲು ಕಟ್ಟಿದಂತಹ ಆದಿಕಾಲದ ಯಂತ್ರಗಳಲ್ಲಿ ಕವಾಟವನ್ನು ಕೈಯಿಂದ ತೆರೆದು ಮುಚ್ಚಲು ಒಬ್ಬ ಹುಡುಗನನ್ನು ನಿಲ್ಲಿಸುತ್ತಿದ್ದರಂತೆ. ಹಗಲೆಲ್ಲ ಅದೇ ಕೆಲಸ. ಹಂಫ್ರಿ ಪಾಟರ್ ಎಂಬ ಹುಡುಗನಿಗೆ ಗೆಳೆಯರೊಡನೆ ಆಡುವ ಆಸೆ. ಯಂತ್ರದ ಮೇಲಿನ ತೊಲೆಯು ಏರಿಳಿಯುವುದನ್ನು ನೋಡಿ, ಅದಕ್ಕೊಂದು ಹುರಿಯನ್ನು ಕಟ್ಟಿ, ಹುರಿಯ ಇನ್ನೊಂದು ತುದಿಯನ್ನು ಕವಾಟದ ಹಿಡಿಗೆ ಬಿಗಿದನಂತೆ. ತೊಲೆ ಏರಿದಾಗ ಕವಾಟ ತೆರೆಯಿತು, ಇಳಿದಾಗ ಮುಚ್ಚಿತು. ಹುಡುಗ ಆಟಕ್ಕೆ ಹೋದ. ಯಂತ್ರವು ತನ್ನ ಕವಾಟವನ್ನು ತಾನೇ ನಡೆಸುವ ವಿದ್ಯೆ ಹೀಗೆ ಹುಟ್ಟಿತು ಎಂಬುದು ಪ್ರತೀತಿ. ಇತಿಹಾಸಜ್ಞರು ಈ ಕಥೆಯನ್ನು ನಂಬುವುದಿಲ್ಲ. ನ್ಯೂಕಮೆನ್ನನ ಯಂತ್ರದ ಅತಿ ಹಳೆಯ ಚಿತ್ರಗಳಲ್ಲಿಯೇ ತೊಲೆಯಿಂದ ಇಳಿಬಿಟ್ಟ ಗೂಟದ ಕೋಲು ಕವಾಟಗಳನ್ನು ನಡೆಸುವುದು ಕಾಣುತ್ತದೆ. ಆದರೂ ಈ ಕಥೆ ಸಾಯಲಿಲ್ಲ. ಅರ್ಥಶಾಸ್ತ್ರದ ಪಿತಾಮಹನೆನಿಸಿದ ಆಡಂ ಸ್ಮಿತ್ತನು ೧೭೭೬ರ ತನ್ನ ಮಹಾಗ್ರಂಥದ ಮೊದಲನೆಯ ಅಧ್ಯಾಯದಲ್ಲಿಯೇ, ಹೆಸರನ್ನು ಹೇಳದೆ, ಇಂತಹ ಹುಡುಗನೊಬ್ಬನನ್ನು ನೆನೆದಿದ್ದಾನೆ.

ಆ ಅಧ್ಯಾಯವನ್ನು ನಾವು ಬಿ.ಎ. ತರಗತಿಯಲ್ಲಿ ಓದಿದ್ದೆವು. ಅರ್ಥಶಾಸ್ತ್ರವು ನಮ್ಮ ಐಚ್ಛಿಕ ವಿಷಯಗಳಲ್ಲೊಂದಾಗಿತ್ತು. ಹುಡುಗನ ಜಾಣತನವನ್ನು ಮೆಚ್ಚಿ ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿದ್ದೆವು. ಫಿಟ್ಟರು ಆ ಕಥೆಯನ್ನು ಹೇಳಿ ಮುಗಿಸಿದಾಗ ಸುತ್ತಲಿದ್ದವರೆಲ್ಲ ನಕ್ಕರು. ನಮಗೆ ಮಾತ್ರ ನಗು ಬರಲಿಲ್ಲ. ನಮ್ಮ ಪ್ರಸಾದ ನಿಲಯದ ಒಬ್ಬ ಹುಡುಗನ ಮುಖ ಕಣ್ಣೆದುರು ಬಂದು ನಿಂತಿತು.

೧೯೯೭ನೆಯ ಇಸವಿ. ಹಿರಿಯ ಗುರುಗಳು ಆಗ ಇನ್ನೂ ಪೀಠದಲ್ಲಿದ್ದರು. ಕಾಶಿಯ ಶಾಸ್ತ್ರಾಧ್ಯಯನವನ್ನೂ ವಿಶ್ವವಿದ್ಯಾನಿಲಯದ ಪದವಿಯನ್ನೂ ಮುಗಿಸಿ ಬಂದಿದ್ದ ನಮಗೆ ಪ್ರಸಾದ ನಿಲಯದ ಮೇಲ್ವಿಚಾರಣೆಯನ್ನು ವಹಿಸಿದ್ದರು. ನಿಮ್ಮಲ್ಲಿ ಅನೇಕರಿಗೆ ಆ ದಿನಗಳ ನೀರಿನ ಕಷ್ಟ ನೆನಪಿರಬೇಕು. ಬಾವಿಯ ಪಂಪಿಗೆ ಬೇಕಾದ ಮೂರು ಫೇಸಿನ ಕರೆಂಟು ಬರುತ್ತಿದ್ದುದು ರಾತ್ರಿ ಹನ್ನೊಂದರ ಮೇಲೆ. ಉಗ್ರಾಣದ ತಾರಸಿಯ ಮೇಲಿನ ತೊಟ್ಟಿ ತುಂಬಲು ಎರಡು ಗಂಟೆ ಹಿಡಿಯುತ್ತಿತ್ತು. ತುಂಬಿದೊಡನೆ ಮೋಟಾರನ್ನು ನಿಲ್ಲಿಸಲು ಒಬ್ಬ ಹುಡುಗ ಎಚ್ಚರವಿರಬೇಕಾಗಿತ್ತು. ಆ ವರ್ಷ ಆ ಕಾಯಕ ಎಸ್.ಎಸ್.ಎಲ್.ಸಿ. ಓದುತ್ತಿದ್ದ ಒಬ್ಬ ಬಡ ರೈತನ ಮಗನ ಪಾಲಿಗೆ ಬಂದಿತ್ತು.

ಅವನೇನು ಮಾಡಿದನೆಂದರೆ, ಒಂದು ಎಣ್ಣೆಯ ಡಬ್ಬಿಗೆ ಅಳತೆಯಾಗಿ ಮರಳು ಹಾಕಿ, ಬಾಯಿಯನ್ನು ಮೇಣದಿಂದ ಭದ್ರವಾಗಿ ಮುಚ್ಚಿ, ತೊಟ್ಟಿಯ ನೀರಿನಲ್ಲಿ ತೇಲಬಿಟ್ಟ. ಅದಕ್ಕೆ ಕಟ್ಟಿದ ಹುರಿಯನ್ನು ತೊಟ್ಟಿಯ ಅಂಚಿನ ರಾಟೆಯ ಮೇಲೆ ಹಾಯಿಸಿ, ಗೋಡೆಯ ಗುಂಟ ಕೆಳಗಿನ ಕೋಣೆಗೆ ಇಳಿಸಿ, ತುದಿಗೆ ಡಬ್ಬಿಗಿಂತ ಹಗುರವಾದ ಒಂದು ಕಲ್ಲನ್ನು ಕಟ್ಟಿದ. ನೀರು ಏರಿದಂತೆ ಡಬ್ಬಿ ಏರುವುದು, ಕಲ್ಲು ಇಳಿಯುವುದು. ತೊಟ್ಟಿ ತುಂಬುವ ಹೊತ್ತಿಗೆ ಕಲ್ಲು ಒಂದು ಮರದ ಪಟ್ಟಿಯ ಮೇಲೆ ಕೂರುವುದು, ಪಟ್ಟಿಯು ಸ್ಟಾರ್ಟರಿನ ಕೆಂಪು ಗುಂಡಿಯನ್ನು ಒತ್ತುವುದು, ಮೋಟಾರು ನಿಲ್ಲುವುದು. ಎರಡು ತಿಂಗಳ ಕಾಲ ಅದು ಹಾಗೆಯೇ ನಡೆಯಿತು. ನಾವು ಯಾರೂ ಅದನ್ನು ಗಮನಿಸಲಿಲ್ಲ.

ಒಂದು ರಾತ್ರಿ ಹುರಿಯ ಗಂಟು ರಾಟೆಯಲ್ಲಿ ಸಿಕ್ಕಿಕೊಂಡಿತು. ಮೋಟಾರು ನಿಲ್ಲಲಿಲ್ಲ. ತೊಟ್ಟಿ ಉಕ್ಕಿ ತಾರಸಿಯಿಂದ ಇಳಿದ ನೀರು ಉಗ್ರಾಣಕ್ಕೆ ನುಗ್ಗಿ, ದಾಸೋಹಕ್ಕೆಂದು ಭಕ್ತರು ಕೊಟ್ಟಿದ್ದ ಹನ್ನೊಂದು ಮೂಟೆ ರಾಗಿ ನೆನೆದುಹೋಯಿತು. ಬೆಳಿಗ್ಗೆ ಪ್ರಾರ್ಥನೆಗೆ ಸೇರಿದ್ದ ಮುನ್ನೂರು ಹುಡುಗರ ಎದುರಿನಲ್ಲಿ ಅವನನ್ನು ನಿಲ್ಲಿಸಿದೆವು. ರಾತ್ರಿ ಏನು ಮಾಡುತ್ತಿದ್ದೆ ಎಂದು ಕೇಳಿದೆವು. "ಓದ್ಕೋತಿದ್ದೆ ಬುದ್ಧಿ, ಹಂಗೇ ನಿದ್ದೆ ಬಂದ್ಬಿಡ್ತು" ಎಂದ. ಡಬ್ಬಿಯನ್ನೂ ಹುರಿಯನ್ನೂ ತೋರಿಸಲು ಬಾಯಿ ತೆರೆದ. ನಾವು ಕೇಳಿಸಿಕೊಳ್ಳಲಿಲ್ಲ. ಅವನನ್ನು ಕಾಯಕಗಳ್ಳನೆಂದು ಕರೆದೆವು. ಅಷ್ಟಕ್ಕೇ ನಿಲ್ಲದೆ, ಕಾಯಕಗಳ್ಳನಿಗೆ ಈ ಮಠದಲ್ಲಿ ಪ್ರಸಾದವಿಲ್ಲ ಎಂದೂ ಹೇಳಿಬಿಟ್ಟೆವು.

ಶರಣ ಬಂಧುಗಳೆ, ಈ ಮಠದ ದಾಸೋಹದ ಒಲೆ ಬರಗಾಲದಲ್ಲಿಯೂ ಆರಿದ್ದಿಲ್ಲ. ಜಾತಿ ಕೇಳಿದ್ದಿಲ್ಲ, ಊರು ಕೇಳಿದ್ದಿಲ್ಲ. ಅಂತಹ ಮಠದಲ್ಲಿ ಆ ಮಾತು ನಮ್ಮ ಬಾಯಿಂದ ಬಂದಿತು. ಹುಡುಗನು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟುಹೋದ. ರಾತ್ರಿ ಹಿರಿಯ ಗುರುಗಳು ಪೂಜೆ ಮುಗಿಸಿ ನಮ್ಮನ್ನು ಕರೆಸಿದರು. ರಾಗಿಯ ಮಾತನ್ನು ಎತ್ತಲಿಲ್ಲ. "ಹುಡುಗ ಪ್ರಸಾದ ತಗೊಂಡು ಹೋದನೆ?" ಎಂದಷ್ಟೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ವಾರದ ಮೇಲೆ ಅವನ ತಂದೆ ಬಂದು, ಟ್ರಂಕನ್ನು ಹೆಗಲ ಮೇಲಿಟ್ಟುಕೊಳ್ಳುವ ಮುನ್ನ ನಮಗೆ ಅಡ್ಡಬಿದ್ದು, "ಹುಡುಗ್ನಿಂದ ತಪ್ಪಾಯ್ತು ಬುದ್ಧಿ" ಎಂದು ಹೇಳಿ ಹೋದರು. ಹುಡುಗ ಆ ವರ್ಷ ಪರೀಕ್ಷೆಗೆ ಕೂರಲಿಲ್ಲವೆಂದು ಆಮೇಲೆ ತಿಳಿಯಿತು.

ಕೋಲಾರದಿಂದ ಮರಳಿದ ಮೇಲೆ ಈ ಯಂತ್ರವಿದ್ಯೆಯನ್ನು ಸ್ವಲ್ಪ ಆಳವಾಗಿ ತಿಳಿಯಬೇಕೆನಿಸಿತು. ನಮ್ಮ ತಾಂತ್ರಿಕ ಶಾಲೆಯ ಉಪಾಧ್ಯಾಯರೊಬ್ಬರು ಸಿಲಿಂಡರಿನ ಒಳಭಾಗ ಕಾಣುವಂತೆ ಸೀಳಿದ ಒಂದು ಮಾದರಿಯನ್ನು ತಂದು ತೋರಿಸಿದರು. ಓದುತ್ತ ಹೋದಂತೆ, ಇದು ನಮಗೆ ಅಪರಿಚಿತವಾದ ಶಾಸ್ತ್ರವಲ್ಲವೆಂದು ತೋರತೊಡಗಿತು.

ಮೊದಲನೆಯದಾಗಿ, ಕವಾಟವನ್ನು ಎತ್ತುವುದೇ ಒಂದು ದೊಡ್ಡ ಸಮಸ್ಯೆಯಾಗಿತ್ತು. ಹನ್ನೆರಡು ಅಂಗುಲ ಅಗಲದ ಒಂದು ಮುಚ್ಚಳದ ಮೇಲೆ ಚದರ ಅಂಗುಲಕ್ಕೆ ನಲವತ್ತು ಪೌಂಡಿನಂತೆ ಉಗಿಯು ಒತ್ತಿದರೆ, ಒಟ್ಟು ಒತ್ತಡ ನಾಲ್ಕೂವರೆ ಸಾವಿರ ಪೌಂಡಾಗುತ್ತದೆ. ಎಂದರೆ ಎರಡು ಟನ್ನು. ಅದನ್ನು ಎತ್ತುವ ಕೈ ಯಾವುದು? ೧೮೦೦ರ ಸುಮಾರಿಗೆ ಕಾರ್ನ್‌ವಾಲಿನ ಜೊನಾಥನ್ ಹಾರ್ನ್‌ಬ್ಲೋವರ್ ಎಂಬಾತನು ಎರಡು ಪೀಠಗಳ ಕವಾಟವನ್ನು ರಚಿಸಿದನು. ಅದು ಒಳಗೆ ಪೊಳ್ಳಾದ, ಗಂಟೆಯಾಕಾರದ ಕವಾಟ. ಮೇಲೊಂದು, ಕೆಳಗೊಂದು, ಹೀಗೆ ಎರಡು ಕಡೆ ಕೂರುತ್ತದೆ. ಉಗಿಯು ಅದನ್ನು ಕೆಳಕ್ಕೆ ಒತ್ತುವಷ್ಟೇ ಮೇಲಕ್ಕೂ ಒತ್ತುವುದರಿಂದ ಎರಡೂ ಒತ್ತಡಗಳು ಬಹುಮಟ್ಟಿಗೆ ಸರಿದೂಗುತ್ತವೆ. ಸುತ್ತಲೂ ಭೀಕರವಾದ ಒತ್ತಡವಿದ್ದರೂ ಕವಾಟವು ಒಂದು ಸಣ್ಣ ಸನ್ನೆಗೋಲಿಗೆ ಹಗುರವಾಗಿ ಏಳುತ್ತದೆ. ಸ್ತುತಿನಿಂದೆಗಳೆರಡನ್ನೂ ಸಮವಾಗಿ ಕಾಣಬೇಕೆಂದು ನಿತ್ಯವೂ ಉಪದೇಶಿಸುವ ನಮ್ಮಂಥವರು ಈ ಕವಾಟವನ್ನೊಮ್ಮೆ ನೋಡಬೇಕು. ಅಂದು ಬೆಳಿಗ್ಗೆ ನಮ್ಮ ಮೇಲಿದ್ದುದು ಒಂದೇ ಕಡೆಯ ಒತ್ತಡ. ಭಕ್ತರು ಏನೆಂದಾರು, ಗುರುಗಳು ಏನೆಂದಾರು, ನೆನೆದ ರಾಗಿಗೆ ಯಾರಿಗೆ ಉತ್ತರ ಹೇಳುವುದು ಎಂಬುದೇ. ಹುಡುಗನ ಕಡೆಯಿಂದ ಒಂದು ಮಾತೂ ಒಳಗೆ ಬರಲಿಲ್ಲ.

ಎರಡನೆಯದು ಉಗಿಯ ಮಿತವ್ಯಯ. ಕಾರ್ನ್‌ವಾಲಿನಲ್ಲಿ ತವರ, ತಾಮ್ರಗಳುಂಟು, ಕಲ್ಲಿದ್ದಲು ಇಲ್ಲ. ಅದು ವೇಲ್ಸಿನಿಂದ ಹಡಗಿನಲ್ಲಿ ಬರಬೇಕಾಗಿತ್ತು. ಬಡವನ ಮನೆಯಲ್ಲಿ ಅಕ್ಕಿಯನ್ನು ಎಣಿಸುವಂತೆ ಅಲ್ಲಿ ಇದ್ದಲನ್ನು ಎಣಿಸುತ್ತಿದ್ದರು. ಜೇಮ್ಸ್ ವಾಟನು ೧೭೮೨ರ ತನ್ನ ಪೇಟೆಂಟಿನಲ್ಲಿ ಒಂದು ತತ್ತ್ವವನ್ನು ಹೇಳಿದ್ದನು. ಪಿಸ್ಟನ್ನು ತನ್ನ ಹಾದಿಯ ಕಾಲುಭಾಗ ಸಾಗಿದೊಡನೆ ಉಗಿಯ ಕವಾಟವನ್ನು ಮುಚ್ಚಿಬಿಟ್ಟರೆ, ಒಳಗೆ ಸೇರಿದ ಉಗಿಯು ತಾನೇ ಹಿಗ್ಗುತ್ತ ಉಳಿದ ಮುಕ್ಕಾಲು ಹಾದಿಗೂ ಪಿಸ್ಟನ್ನನ್ನು ತಳ್ಳುತ್ತದೆ. ಲೆಕ್ಕದ ಪ್ರಕಾರ ಕಾಲುಭಾಗ ಉಗಿಯಿಂದ ಅರ್ಧಕ್ಕೂ ಮೀರಿದ ಕೆಲಸ ದೊರೆಯುತ್ತದೆ. ವಾಟನು ಅಧಿಕ ಒತ್ತಡದ ಉಗಿಗೆ ಅಂಜುತ್ತಿದ್ದುದರಿಂದ ಇದರ ಪೂರ್ಣ ಫಲ ಅವನಿಗೆ ದಕ್ಕಲಿಲ್ಲ. ೧೮೦೦ರಲ್ಲಿ ಅವನ ಮುಖ್ಯ ಪೇಟೆಂಟಿನ ಅವಧಿ ಮುಗಿದ ಮೇಲೆ ಟ್ರೆವಿಥಿಕ್, ವುಲ್ಫ್ ಮೊದಲಾದವರು ಅಧಿಕ ಒತ್ತಡದ ಉಗಿಯನ್ನು ಪಳಗಿಸಿದರು. ಯಾವ ಗಣಿಯ ಯಂತ್ರವು ಒಂದು ಅಳತೆ ಇದ್ದಲಿಗೆ ಎಷ್ಟು ನೀರನ್ನು ಎತ್ತಿತು ಎಂಬುದನ್ನು ೧೮೧೧ರಿಂದ ತಿಂಗಳು ತಿಂಗಳೂ ಅಚ್ಚು ಹಾಕಿಸಿ ಎಲ್ಲರ ಮುಂದಿಡತೊಡಗಿದರು. ಒಂದು ಬುಷೆಲ್ ಇದ್ದಲಿಗೆ ಎರಡು ಕೋಟಿ ಪೌಂಡು ನೀರನ್ನು ಒಂದು ಅಡಿ ಎತ್ತುವುದೇ ದೊಡ್ಡದಾಗಿದ್ದ ಕಾಲ ಹೋಗಿ, ೧೮೩೫ರಲ್ಲಿ ಫೋಯಿ ಕನ್ಸೋಲ್ಸ್ ಗಣಿಯ ಒಂದು ಯಂತ್ರವು ಪರೀಕ್ಷೆಯಲ್ಲಿ ಹನ್ನೆರಡೂವರೆ ಕೋಟಿಯನ್ನು ಮುಟ್ಟಿತು. ಕವಾಟವನ್ನು ಬೇಗ ಮುಚ್ಚುವ ಧೈರ್ಯವು ಈ ಸಾಧನೆಯ ಮುಖ್ಯ ಕಾರಣಗಳಲ್ಲೊಂದು.

ಇದನ್ನು ಓದುವಾಗ ನಮಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರಲಿಲ್ಲ. ಮಾರಯ್ಯ ಶರಣನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ಮಹಾತಾಯಿ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದಳು. ಆ ಸ್ವಲ್ಪದರಲ್ಲಿಯೇ ಅವರ ದಾಸೋಹ ಹಿಗ್ಗಿತು. ಈ ಶರಣ ದಂಪತಿಗಳ ಊರೆಂದು ಪರಂಪರೆ ಹೇಳುವ ಅಮರೇಶ್ವರವು, ಇಂದಿಗೂ ಚಿನ್ನವನ್ನು ಕೊಡುತ್ತಿರುವ ಹಟ್ಟಿಯಿರುವ ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಇದೆ. ಚಿನ್ನದ ನೆಲದಿಂದ ಬಂದು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದವರು ಅವರು.

ಅಮೆರಿಕೆಯ ಕಾರ್ಲಿಸ್ ಎಂಬಾತನು ೧೮೪೯ರಲ್ಲಿ ಪೇಟೆಂಟ್ ಪಡೆದ ಕವಾಟಗಳಲ್ಲಿ ಈ ವಿದ್ಯೆ ಇನ್ನೂ ಸೂಕ್ಷ್ಮವಾಯಿತು. ಉಗಿ ಬರಲು ಎರಡು, ಹೋಗಲು ಎರಡು, ಒಟ್ಟು ನಾಲ್ಕು ಕವಾಟಗಳು. ಒಂದು ಕೊಕ್ಕೆಯು ಕವಾಟವನ್ನು ತೆರೆಯುತ್ತದೆ. ಆ ಕೊಕ್ಕೆ ಯಾವಾಗ ಬಿಡಬೇಕೆಂಬುದನ್ನು ಯಂತ್ರದ ವೇಗವನ್ನು ಕಾಯುವ ತಿರುಗುಗುಂಡುಗಳು ನಿರ್ಧರಿಸುತ್ತವೆ. ಅದಿರಿನ ಗಿರಣಿಯಲ್ಲಿ ಒರಳನ್ನು ಶುದ್ಧಿ ಮಾಡಲು ಐದೈದು ಒನಕೆಗಳನ್ನು ಒಮ್ಮೆಗೇ ಎತ್ತಿ ತೂಗುಹಾಕುತ್ತಾರೆ. ಆಗ ಯಂತ್ರದ ಮೇಲಿನ ಭಾರ ತಟಕ್ಕನೆ ಇಳಿಯುತ್ತದೆ. ಗುಂಡುಗಳು ಮೇಲೇಳುತ್ತವೆ, ಕೊಕ್ಕೆ ಬೇಗ ಬಿಡುತ್ತದೆ, ಉಗಿಯು ಕಡಿಮೆಯಾಗುತ್ತದೆ. ಒನಕೆಗಳನ್ನು ಮತ್ತೆ ಇಳಿಸಿದರೆ ಉಗಿಯು ತಾನಾಗಿ ಹೆಚ್ಚುತ್ತದೆ. ಎದುರಿಗಿರುವ ಭಾರವನ್ನು ಅರಿತು ಬಲವನ್ನು ಬಿಡುವುದು ಇದರ ಗುಣ.

ಇದಕ್ಕೆ ವಿರುದ್ಧವಾದ ಇನ್ನೊಂದು ಜಾತಿಯ ಯಂತ್ರವೂ ಉಂಟು. ಅಮೆರಿಕೆಯ ಸುಪೀರಿಯರ್ ಸರೋವರದ ತೀರದಲ್ಲಿ ತಾಮ್ರವು ಲೋಹರೂಪದಲ್ಲಿಯೇ ಬಂಡೆಯಲ್ಲಿ ಬೆಸೆದುಕೊಂಡಿರುತ್ತದೆ. ಅಲ್ಲಿ ೧೮೫೦ರ ದಶಕದಿಂದ ವಿಲಿಯಂ ಬಾಲ್ ಎಂಬಾತನ ಉಗಿಯ ಒನಕೆಗಳು ಬಳಕೆಗೆ ಬಂದವು. ಇವುಗಳಲ್ಲಿ ಕ್ಯಾಮು ಇಲ್ಲ. ಒನಕೆಯ ತಲೆಯ ಮೇಲೆಯೇ ಸಿಲಿಂಡರು. ಉಗಿಯು ಒನಕೆಯನ್ನು ಎತ್ತುವುದಷ್ಟೇ ಅಲ್ಲದೆ, ಕೆಳಮುಖವಾಗಿ ಬಡಿಯುವುದೂ ಉಂಟು. ಬಡಿಯುವಾಗ ಮಿತವ್ಯಯದ ಮಾತಿಲ್ಲ; ಪಿಸ್ಟನ್ನಿನ ಮೇಲ್ಬದಿಗೆ ಕವಾಟವು ಉಗಿಯನ್ನು ಪೂರ್ಣವಾಗಿ ಬಿಡಬೇಕು. ಎತ್ತುವಾಗ ಮಾತ್ರ ಸಾಕಷ್ಟೇ ಉಗಿ. ಅಂತಹ ಒಂದೇ ಒನಕೆಯು ಬೀಳೊನಕೆಗಳ ದೊಡ್ಡ ಸಾಲೊಂದು ಕುಟ್ಟುವಷ್ಟನ್ನು ಕುಟ್ಟುತ್ತಿತ್ತು. ಬಂಡೆಗೆ ಅದೇ ಸರಿ.

ಕೋಲಾರದ ಬಗೆಯ ಒನಕೆಯಲ್ಲಿ ಉಗಿಯ ಕೆಲಸ ಎತ್ತುವುದು. ಬೀಳಿಸುವುದು ಭೂಮಿಯ ಕೆಲಸ. ವಿದ್ಯಾರ್ಥಿಗಳ ವಿಷಯದಲ್ಲಿ ಗುರುಸ್ಥಾನದ ಕೆಲಸವೂ ಎತ್ತುವುದೇ ಎಂದು ಈಗ ನಮಗನ್ನಿಸುತ್ತದೆ. ಬೀಳುವುದಕ್ಕೆ ಲೋಕದ ಭಾರವೊಂದೇ ಸಾಕು. ನಾವು ಅಂದು ಬಂಡೆಗೆ ಹೊಡೆಯುವ ಪೆಟ್ಟನ್ನು ಹದಿನಾರು ವರ್ಷದ ಹುಡುಗನಿಗೆ ಹೊಡೆದೆವು.

ಆದರೆ ನಮ್ಮನ್ನು ನಾವೇ ಹಳಿದುಕೊಂಡು ಇಷ್ಟಕ್ಕೆ ಮುಗಿಸಿದರೆ ಸತ್ಯದ ಅರ್ಧಭಾಗವನ್ನು ಮುಚ್ಚಿಟ್ಟಂತಾದೀತು. ಯಂತ್ರಗಳ ಚರಿತ್ರೆಯಲ್ಲಿ ಇನ್ನೊಬ್ಬ ಹುಡುಗನೂ ಇದ್ದಾನೆ. ೧೮೦೩ರಲ್ಲಿ ಲಂಡನ್ನಿನ ಬಳಿಯ ಗ್ರೀನಿಚ್ಚಿನಲ್ಲಿ ಟ್ರೆವಿಥಿಕ್ಕನ ಒಂದು ಯಂತ್ರ ನೀರೆತ್ತುತ್ತಿತ್ತು. ಅದನ್ನು ನೋಡಿಕೊಳ್ಳಬೇಕಾಗಿದ್ದ ಹುಡುಗನು ಸುರಕ್ಷಾ ಕವಾಟದ ಸನ್ನೆಗೋಲನ್ನು ಬಿಗಿದಿಟ್ಟು ಹಾವುಮೀನು ಹಿಡಿಯಲು ಹೋದನು. ಯಂತ್ರದ ಓಟ ಮಿತಿಮೀರಿದ್ದನ್ನು ಕಂಡ ಕೂಲಿಯವನೊಬ್ಬನು ಯಂತ್ರವನ್ನು ನಿಲ್ಲಿಸಿದನು. ಕವಾಟದ ಬಿಗಿತವನ್ನು ಸಡಿಲಿಸಲು ಅವನಿಗೆ ತಿಳಿಯಲಿಲ್ಲ. ಉಗಿಗೆ ಹೊರಹೋಗುವ ದಾರಿಯಿಲ್ಲದೆ ಎರಕದ ಬಾಯ್ಲರು ಸಿಡಿಯಿತು. ನಾಲ್ವರು ಸತ್ತರು. ಆಟದ ಆಸೆಯಿಂದ ಒಬ್ಬ ಹುಡುಗ ಕಟ್ಟಿದ ಹುರಿ ಯಂತ್ರವನ್ನು ನಡೆಸಿತೆಂದು ಕಥೆಯಾಯಿತು. ಇನ್ನೊಬ್ಬನ ಬಿಗಿತ ಪ್ರಾಣಗಳನ್ನು ತೆಗೆದುಕೊಂಡಿತು. ಆದುದರಿಂದ ಕಾಯಕದಲ್ಲಿ ಎಚ್ಚರ ಬೇಡವೆಂದು ನಾವು ಹೇಳುತ್ತಿಲ್ಲ. ಹನ್ನೊಂದು ಮೂಟೆ ರಾಗಿ ನೆನೆದದ್ದು ಸಣ್ಣ ಹಾನಿಯೇನೂ ಅಲ್ಲ. ಯಂತ್ರವನ್ನು ನಂಬಿ ನಿದ್ರೆಹೋದವನಿಗೂ ಅದರಲ್ಲಿ ಪಾಲುಂಟು.

ಆದರೆ ಗ್ರೀನಿಚ್ಚಿನ ದುರ್ಘಟನೆಯ ಬಳಿಕ ಟ್ರೆವಿಥಿಕ್ಕನು ಏನು ಮಾಡಿದನೆಂಬುದನ್ನು ಗಮನಿಸಿರಿ. ಅವನು ಬಾಯ್ಲರಿಗೆ ಎರಡು ಸುರಕ್ಷಾ ಕವಾಟಗಳನ್ನು ಇರಿಸಿದನು; ಅವುಗಳಲ್ಲೊಂದಕ್ಕೆ ಕೆಲಸಗಾರನ ಕೈ ತಾಗದಂತೆ ಮಾಡಿದನು. ಕಾವು ಮಿತಿಮೀರಿದರೆ ಮೊದಲು ತಾನೇ ಕರಗಿ ದಾರಿಕೊಡುವ ಸೀಸದ ಬೆಣೆಯನ್ನು ಜೋಡಿಸಿದನು. ತಪ್ಪಿನಿಂದ ಯಂತ್ರವನ್ನು ತಿದ್ದಿದನು. ನಮ್ಮ ಹುಡುಗನ ಯಂತ್ರದಲ್ಲಿದ್ದ ದೋಷವಾದರೂ ಎಷ್ಟು? ಒಂದು ಗಂಟು. ಗಂಟಿಲ್ಲದ ಹುರಿಯೊಂದನ್ನು ತಂದುಕೊಟ್ಟು, "ಮಗು, ಇನ್ನೊಂದು ವಾರ ಎಚ್ಚರವಿದ್ದು ಇದನ್ನು ಪರೀಕ್ಷಿಸು" ಎಂದಿದ್ದರೆ ಮುಗಿಯುತ್ತಿತ್ತು. ಇಂದು ನಮ್ಮ ತೊಟ್ಟಿಗೆ ಅಂಗಡಿಯಿಂದ ಹಣ ಕೊಟ್ಟು ತಂದ ಉಪಕರಣವಿದೆ. ನೀರು ತುಂಬಿದರೆ ತಾನೇ ಮೋಟಾರನ್ನು ನಿಲ್ಲಿಸುತ್ತದೆ. ಅದನ್ನು ಅಳವಡಿಸಿದ ದಿನ ಎಲ್ಲರೂ ಸಂತೋಷಪಟ್ಟರು. ಅದೇ ಕೆಲಸವನ್ನು ಒಂದು ಡಬ್ಬಿ, ಒಂದು ರಾಟೆ, ಒಂದು ಕಲ್ಲಿನಿಂದ ಮಾಡಿದವನನ್ನು ಹಸಿದ ಹೊಟ್ಟೆಯಲ್ಲಿ ಕಳುಹಿಸಿದ್ದೆವು.

ಕೋಲಾರದಿಂದ ಬಂದ ವರ್ಷವೇ ಅವನ ಊರಿಗೆ ಒಬ್ಬರನ್ನು ಕಳುಹಿಸಿ ವಿಚಾರಿಸಿದೆವು. ತಂದೆ ಲಿಂಗೈಕ್ಯರಾಗಿದ್ದರು. ಬರಗಾಲದಲ್ಲಿ ಹೊಲವನ್ನು ಮಾರಿ ಮನೆಯವರು ಬೆಂಗಳೂರಿನ ಕಡೆಗೆ ಹೋದರೆಂದರು. ಅಲ್ಲಿಂದಾಚೆಗೆ ಜಾಡು ಸಿಗಲಿಲ್ಲ.

ಅಂದಿನಿಂದ ಪ್ರಸಾದ ನಿಲಯದಲ್ಲಿ ಎರಡು ಪದ್ಧತಿಗಳನ್ನು ಇರಿಸಿಕೊಂಡಿದ್ದೇವೆ. ತನ್ನ ಕಾಯಕವನ್ನು ಹಗುರಮಾಡುವ ಉಪಾಯವನ್ನು ಯಾವ ಹುಡುಗ ಕಂಡುಕೊಂಡರೂ ಮೊದಲು ಅದನ್ನು ಹಿರಿಯರಿಗೆ ತೋರಿಸಬೇಕು. ಹದಿನೈದು ದಿನ ತಾನೇ ಪಕ್ಕದಲ್ಲಿ ನಿಂತು ಕಾಯಬೇಕು. ಇದು ಹುಡುಗರಿಗೆ. ಯಾವ ತಪ್ಪಿಗೂ, ಯಾರನ್ನೂ, ಪ್ರಸಾದವಾಗುವ ಮುನ್ನ ವಿಚಾರಿಸಬಾರದು. ಇದು ನಮಗೆ.

ಕೊನೆಯದಾಗಿ ಒಂದು ಮಾತು ಒಬ್ಬನಿಗೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ಅವನಿಗೆ ತಿಳಿಯುತ್ತದೆ. ಅವನ ಜೊತೆಯಲ್ಲಿ ಓದಿದ ನಿಮ್ಮಲ್ಲಿ ಕೆಲವರಿಗೂ ತಿಳಿದೀತು. ನಿಮಗೆ ಅವನ ಠಾವು ಗೊತ್ತಿದ್ದರೆ ಈ ಸಂಚಿಕೆಯನ್ನು ತಲಪಿಸಿರಿ.

ಮಗು, ನೀನು ಕಾಯಕಗಳ್ಳನಾಗಿರಲಿಲ್ಲ. ಆ ಮಾತನ್ನು ಎಷ್ಟು ಮಂದಿಯ ಎದುರಿಗೆ ಆಡಿದ್ದೆವೋ ಅದಕ್ಕಿಂತ ಹೆಚ್ಚು ಮಂದಿಯ ಎದುರಿಗೆ ಈ ಮೂಲಕ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇವೆ. ನಿನ್ನ ತಂದೆಯವರು ಅಂದು ನಮ್ಮಲ್ಲಿ ಕೇಳಿದ ಕ್ಷಮೆಯು ನಮಗೆ ಸಲ್ಲುವಂಥದಲ್ಲ. ಅದನ್ನು ಅವರ ಮಗನಾದ ನಿನಗೆ ಹಿಂದಿರುಗಿಸುತ್ತೇವೆ. ೧೯೯೭ರ ಆ ದಿನದ ಒಂದು ಹೊತ್ತಿನ ಪ್ರಸಾದ ಮಠದ ಮೇಲೆ ಸಾಲವಾಗಿ ಉಳಿದಿದೆ. ಬಂದು ಸ್ವೀಕರಿಸಬೇಕು. ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಬಾ.